ಹದಿನೈದು ತಿಂಗಳ ನರ್ಸಿಂಗ್ ಓದು: ನೆಂಟರ ಆಕ್ಷೇಪಗಳಿಗೆ ಉತ್ತರ

“ನಾಲ್ಕು ವರ್ಷದ ಓದನ್ನು ಹದಿನೈದು ತಿಂಗಳಲ್ಲಿ ಮುಗಿಸಿದವಳ ಕೈಗೆ ನಿಮ್ಮಪ್ಪನ ತೋಳು ಕೊಡ್ತೀಯೇನಮ್ಮ, ಸೂಜಿ ಚುಚ್ಚು ಅಂತ?” ಹೀಗೆ ಕೇಳಿದವರು ನನ್ನ ಸೋದರಮಾವ. ಅವರ ಮಗಳಿಗೆ ಈಗ ಮೂವತ್ತಾರು. ಟೆಕ್ಸಾಸಿನಲ್ಲಿ ಸಾಫ್ಟ್‌ವೇರ್ ಕೆಲಸ. ಅದನ್ನು ಬಿಟ್ಟು ಆಕ್ಸಿಲರೇಟೆಡ್ ನರ್ಸಿಂಗ್ ಪದವಿಗೆ ಸೇರುತ್ತೇನೆ ಎಂದು ಹೇಳಿದ್ದೇ ತಡ, ಮೈಸೂರಿನಿಂದ ಡಾಲಸ್‌ವರೆಗೆ ಮನೆಮಂದಿಯೆಲ್ಲ ಒಂದೊಂದು ಆಕ್ಷೇಪ ಎತ್ತಿದರು. ಸಾಫ್ಟ್‌ವೇರ್ ಟೆಸ್ಟಿಂಗ್ ಬಿಟ್ಟು ನಾನು ಇದೇ ಓದಿಗೆ ಸೇರಿದಾಗಲೂ ಇವೇ ಮಾತುಗಳನ್ನು ಕೇಳಿದ್ದೆ. ಈಗ ವಾರ್ಡಿನಲ್ಲಿ ದುಡಿಯುತ್ತಿದ್ದೇನೆ. ಆದ್ದರಿಂದ ಉತ್ತರ ಹೇಳುವ ಹೊಣೆ ನನ್ನದು ಅಂದುಕೊಂಡಿದ್ದೇನೆ.

ಮಾವನ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಈ ಕೋರ್ಸಿಗೆ ಬೇರೊಂದು ವಿಷಯದಲ್ಲಿ ಡಿಗ್ರಿ ಮುಗಿಸಿದವರಿಗೆ ಮಾತ್ರ ಪ್ರವೇಶ. ಅಮೆರಿಕದ ನಾಲ್ಕು ವರ್ಷದ ನರ್ಸಿಂಗ್ ಪದವಿಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಭಾಷೆ, ಇತಿಹಾಸ, ಮನಃಶಾಸ್ತ್ರ, ಮೂಲ ವಿಜ್ಞಾನಗಳಿಗೇ ಹೋಗುತ್ತದೆ. ಹಳೆಯ ಡಿಗ್ರಿಯಲ್ಲಿ ಓದಿದ್ದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸಂಖ್ಯಾಶಾಸ್ತ್ರಗಳನ್ನು ಸೇರುವ ಮೊದಲೇ ಮುಗಿಸಿ ಬರಬೇಕು. ನನ್ನಂಥ ಇಂಜಿನಿಯರಿಂಗ್‌ನವರಿಗೆ ಅದಕ್ಕೇ ಒಂದು ವರ್ಷ ಹಿಡಿಯುತ್ತದೆ. ಉಳಿದದ್ದು ನರ್ಸಿಂಗ್ ಪಾಠ. ಅದನ್ನು ಬೇಸಿಗೆ ರಜೆ ಕೊಡದೆ, ವಾರವಿಡೀ ಸಾಲಾಗಿ ಕಲಿಸುತ್ತಾರೆ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ನಿಂತು ಕಲಿಯುವ ಕ್ಲಿನಿಕಲ್ ಗಂಟೆಗಳು ನಾಲ್ಕು ವರ್ಷದವರಿಗೆ ಎಷ್ಟೋ ಇವರಿಗೂ ಅಷ್ಟೇ. ಕೊನೆಗೆ ಪರವಾನಗಿಗಾಗಿ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆಯೂ ಒಂದೇ. 85ರಿಂದ 150 ಪ್ರಶ್ನೆ, ಐದು ಗಂಟೆ. ಒಂದು ಪ್ರಶ್ನೆಗೆ ಕೊಟ್ಟ ಉತ್ತರ ನೋಡಿ ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ. ಎಷ್ಟು ತಿಂಗಳು ಓದಿದೆ ಎಂಬುದಕ್ಕೆ ಅಲ್ಲಿ ಅಂಕವಿಲ್ಲ.

ಈ ವೇಗದ ಓದು ನಿನ್ನೆಮೊನ್ನೆ ಹುಟ್ಟಿದ ಪದ್ಧತಿಯೂ ಅಲ್ಲ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ ಇದನ್ನು ಶುರುಮಾಡಿದ್ದು 1971ರಲ್ಲಿ. ಅದಕ್ಕೂ ಮೊದಲು, ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರ ಬೋಲ್ಟನ್ ಕಾಯ್ದೆಯಡಿ ಕೆಡೆಟ್ ನರ್ಸ್ ಪಡೆ ಕಟ್ಟಿ ತರಬೇತಿಯನ್ನು 36 ತಿಂಗಳಿಂದ 30ಕ್ಕೆ ಇಳಿಸಿದ್ದರು. ಆ ಪಡೆಯಿಂದ 1.2 ಲಕ್ಷಕ್ಕೂ ಹೆಚ್ಚು ನರ್ಸುಗಳು ಹೊರಬಂದರು. ನರ್ಸುಗಳು ಯುದ್ಧಭೂಮಿಗೆ ಹೋಗಿದ್ದ ಹೊತ್ತಿನಲ್ಲಿ ದೇಶದ ಆಸ್ಪತ್ರೆಗಳು ನಡೆದದ್ದು ಬಹುಪಾಲು ಇವರಿಂದಲೇ.

ಫ್ಲೋರಿಡಾದ ಸುದ್ದಿಯನ್ನು ಭಾವ ಎತ್ತಿದರು. 2023ರ ಜನವರಿಯಲ್ಲಿ ಅಲ್ಲಿನ ಮೂರು ಸಂಸ್ಥೆಗಳಿಂದ ಸುಮಾರು 7,600 ನಕಲಿ ನರ್ಸಿಂಗ್ ಡಿಪ್ಲೊಮಾ ಮಾರಾಟವಾದದ್ದು ಬಯಲಾಯಿತು, ನಿಜ. ಅಲ್ಲಿ ನಡೆದದ್ದು ಓದೇ ಇಲ್ಲದ ಪ್ರಮಾಣಪತ್ರದ ವ್ಯಾಪಾರ. ವೇಗದ ಓದಿನ ತಲೆಗೆ ಅದನ್ನು ಕಟ್ಟುವುದು ಅನ್ಯಾಯ. ಆದರೂ ಭಾವನ ಎಚ್ಚರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಕಾಲೇಜಿಗೆ ರಾಜ್ಯದ ನರ್ಸಿಂಗ್ ಮಂಡಳಿಯ ಒಪ್ಪಿಗೆ ಇದೆಯೇ, ಸಿಸಿಎನ್‌ಇ ಅಥವಾ ಏಸೆನ್ ಸಂಸ್ಥೆಯ ಮಾನ್ಯತೆ ಇದೆಯೇ, ಮೊದಲ ಸಲಕ್ಕೇ ಎನ್‌ಕ್ಲೆಕ್ಸ್ ಪಾಸಾದವರು ಶೇಕಡಾ ಎಷ್ಟು, ಸೇರಿದವರಲ್ಲಿ ನಡುವೆ ಬಿಟ್ಟವರೆಷ್ಟು? ಇವನ್ನು ಕೇಳದೆ ಅಡ್ವಾನ್ಸ್ ಕಟ್ಟಬಾರದು. ಕೊನೆಯ ಪ್ರಶ್ನೆಗೆ ತಡವರಿಸುವ ಕಾಲೇಜಿನಿಂದ ಎದ್ದು ಬರುವುದೇ ವಾಸಿ.

“ಇಂಜಿನಿಯರಿಂಗ್ ಓದಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲ” ಎನ್ನುತ್ತಾರೆ ದೊಡ್ಡಮ್ಮ. ಟೆಸ್ಟಿಂಗ್ ಕೆಲಸ ನನಗೆ ಕಲಿಸಿದ್ದು, ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ ಎಂದು ಹುಡುಕುವುದನ್ನು. ಹೃದಯ ಸೋತು ಮೈಯಲ್ಲಿ ನೀರು ತುಂಬುವ ರೋಗಿಗಳನ್ನು ನಾವು ಪ್ರತಿ ಬೆಳಿಗ್ಗೆ ತೂಗುತ್ತೇವೆ. ಒಬ್ಬ ಹಿರಿಯರ ತೂಕ ಒಂದೇ ರಾತ್ರಿಯಲ್ಲಿ ಒಂದು ಕಿಲೋಗಿಂತ ಹೆಚ್ಚು ಏರಿತ್ತು. ಕೇಳಿದರೆ, ಆರಾಮಾಗಿದ್ದೇನೆ ಎಂದರು. ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗಿದಿರಿ ಎಂದು ಕೇಳಿದೆ. ಮೊನ್ನೆಯವರೆಗೆ ಎರಡು, ನಿನ್ನೆ ಮೂರು. ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದನ್ನು ಅವರು ತೊಂದರೆ ಎಂದು ಎಣಿಸಿರಲಿಲ್ಲ. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟಾಗ ಶ್ವಾಸಕೋಶದ ತಳದಲ್ಲಿ ಸಣ್ಣ ಚಿಟಪಟ ಸದ್ದು. ಡಾಕ್ಟರಿಗೆ ಫೋನ್ ಮಾಡಿದೆ, ನೀರಿಳಿಸುವ ಇಂಜೆಕ್ಷನ್ ಬರೆದುಕೊಟ್ಟರು. ದೊಡ್ಡಮ್ಮ, ಆ ಮೂರನೇ ದಿಂಬಿನ ಬಗ್ಗೆ ನನ್ನಿಂದ ಕೇಳಿಸಿದ್ದು ಹಳೆಯ ಕೆಲಸದ ಅಭ್ಯಾಸ.

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬಂದ ಆಕ್ಷೇಪವನ್ನು ಯಾರೂ ಪೂರ್ತಿ ಬಾಯಿಬಿಟ್ಟು ಹೇಳಲಿಲ್ಲ. “ಇಷ್ಟು ಓದಿ ಕೊನೆಗೆ ಕಂಡವರ ಬೆಡ್‌ಪ್ಯಾನ್…” ಎಂದು ಅಲ್ಲಿಗೇ ನಿಲ್ಲಿಸಿದರು. ಹೌದು, ಎತ್ತುತ್ತೇವೆ. ಎದ್ದೇಳಲಾರದವರನ್ನು ಮಗ್ಗುಲಿಗೆ ಹೊರಳಿಸಿ ಒರೆಸುವಾಗ ಸೊಂಟದ ಕೆಳಗಿನ ಚರ್ಮವನ್ನು ನೋಡುತ್ತೇವೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಅದು ಬಿಳುಚಿ ಮತ್ತೆ ಕೆಂಪಾಗಬೇಕು. ಒತ್ತಿದರೂ ಬಿಳುಚದೆ ಕೆಂಪಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಕಾಣುವುದೇ ಕಷ್ಟ. ಕೈಯಿಂದ ಮುಟ್ಟಿ, ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ತಿಳಿಯಬೇಕು. ಆ ಹೊತ್ತು ತಪ್ಪಿದರೆ ಹುಣ್ಣು ಮೂಳೆಯವರೆಗೆ ಇಳಿಯಬಹುದು. ಈ ಕೆಲಸ ಕೀಳು ಎಂಬ ಮಾತಿನ ಹಿಂದೆ ನಮ್ಮ ಮಡಿ-ಮೈಲಿಗೆ ಇದೆ. ಯಾವ ಜಾತಿಯವರು ಯಾರ ಮೈ ಮುಟ್ಟಬೇಕು ಎಂಬ ಹಳೆಯ ಲೆಕ್ಕವಿದೆ. ಊರಿನಲ್ಲಿ ನರ್ಸ್ ಅಂದರೆ ಕೇರಳದ ಹುಡುಗಿಯರು ಎಂದು ಸುಮ್ಮನಾಗುವುದೂ ಅದರ ಮುಂದುವರಿಕೆಯೇ. ಆ ಲೆಕ್ಕಕ್ಕೆ ತಲೆಬಾಗಲು ನಾನು ಸಿದ್ಧಳಿಲ್ಲ, ನನ್ನ ಮಾವನ ಮಗಳೂ ಬಾಗಬೇಕಿಲ್ಲ.

ವಯಸ್ಸಿನ ಮಾತಿಗೆ ಹೆಚ್ಚು ಹೇಳುವುದಿಲ್ಲ. ಈ ತರಗತಿಗಳಿರುವುದೇ ಎರಡನೇ ವೃತ್ತಿಗೆ ಬರುವವರಿಗಾಗಿ.

ದುಡ್ಡಿನ ಆಕ್ಷೇಪದಲ್ಲಿ ತೂಕವಿದೆ. ಫೀಸು ದುಬಾರಿ, ಓದುವಷ್ಟು ಕಾಲ ಸಂಬಳವಿಲ್ಲ, ಏಕೆಂದರೆ ಜತೆಗೆ ಕೆಲಸ ಮಾಡಲು ಬಿಡುವು ಸಿಗುವುದಿಲ್ಲ. ಒಮ್ಮೆ ಡಿಗ್ರಿ ಪಡೆದವರಿಗೆ ಪೆಲ್ ಗ್ರಾಂಟ್ ಎಂಬ ಸರ್ಕಾರಿ ನೆರವು ಸಾಮಾನ್ಯವಾಗಿ ಸಿಗದು. ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಪದವಿ ಇದಕ್ಕಿಂತ ಬಹಳ ಅಗ್ಗ, ಅವರು ಬರೆಯುವುದೂ ಇದೇ ಎನ್‌ಕ್ಲೆಕ್ಸ್. ಮನೆ ಸಾಲ ಹೆಗಲ ಮೇಲಿದ್ದು ಒಂದೇ ಸಂಬಳದಲ್ಲಿ ನಡೆಸಬೇಕಾದವರಿಗೆ ಅದನ್ನೇ ಆರಿಸಿ ಎಂದು ನಾನೇ ಹೇಳಿದ್ದೇನೆ. ಆದರೆ ದೊಡ್ಡ ಆಸ್ಪತ್ರೆಗಳು ಹೆಚ್ಚಾಗಿ ಬಿಎಸ್‌ಎನ್ ಎಂಬ ಬ್ಯಾಚಲರ್ ಪದವಿ ಇದ್ದವರನ್ನೇ ಬಯಸುತ್ತವೆ. ಅದಕ್ಕೆ ಕಾರಣವೂ ಇದೆ. ಲಿಂಡಾ ಐಕನ್ ಮತ್ತು ಸಂಗಡಿಗರು 2003ರಲ್ಲಿ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ನೋಡಿ, ಪದವೀಧರ ನರ್ಸುಗಳ ಪ್ರಮಾಣ ಶೇ. 10 ಹೆಚ್ಚಿದ್ದಲ್ಲಿ ಶಸ್ತ್ರಚಿಕಿತ್ಸೆಯ ರೋಗಿಗಳು ಸಾಯುವ ಸಂಭವ ಶೇ. 5ರಷ್ಟು ಕಡಿಮೆ ಎಂದು ತೋರಿಸಿದರು. ಇನ್ನು ಸಂಬಳ: 2024ರ ಮೇ ತಿಂಗಳ ಸರ್ಕಾರಿ ಲೆಕ್ಕದಲ್ಲಿ ನೋಂದಾಯಿತ ನರ್ಸುಗಳ ನಡುಮಟ್ಟದ ವಾರ್ಷಿಕ ವೇತನ 93,600 ಡಾಲರ್. ಎರಡು ಸಂಬಳವಿರುವ ನಮ್ಮ ಹುಡುಗಿಯ ಮನೆಗೆ ಇದು ತಾಳುವ ಲೆಕ್ಕ.

ವೀಸಾದ ಮಾತು ಅವಳಿಗೆ ತಟ್ಟುವುದಿಲ್ಲ, ಗ್ರೀನ್ ಕಾರ್ಡ್ ಇದೆ. ಅವಲಂಬಿತರ ಎಚ್-4 ವೀಸಾದಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಇದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ಓದಲು ಅಡ್ಡಿಯಿಲ್ಲ, ಓದಿದ ಮೇಲೆ ದುಡಿಯಲು ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿ, ಇವರಿಗೆ ಕೆಲಸದ ಪರವಾನಗಿ ಬಂದಿರಬೇಕು. ವಾರ್ಡ್ ನರ್ಸಿಗೆ ಎಚ್-1ಬಿ ಸಿಗುವುದು ಅಪರೂಪ. ಫೀಸು ಕಟ್ಟುವ ಮೊದಲು ವಕೀಲರನ್ನು ಕಾಣಿ ಎಂದು ಅವರಿಗೆ ಕೈಮುಗಿದು ಹೇಳುತ್ತೇನೆ.

ಉಳಿದದ್ದು ಅವಳ ಅಮ್ಮನ, ಅಂದರೆ ನನ್ನ ಅತ್ತೆಯ ಪ್ರಶ್ನೆ: “ಮಕ್ಕಳ ಗತಿ ಏನು?” ಕ್ಲಿನಿಕಲ್ ಇರುವ ದಿನ ಬೆಳಿಗ್ಗೆ ಏಳರೊಳಗೆ ಆಸ್ಪತ್ರೆಯಲ್ಲಿರಬೇಕು, ಮನೆ ಸೇರುವುದು ಸಂಜೆಗೆ. ಡಬ್ಬಿ ಕಟ್ಟಿ ಸ್ಕೂಲ್ ಬಸ್ಸು ಹತ್ತಿಸುವವರು ಬೇಕು, ಬಂದಾಗ ಬಾಗಿಲು ತೆರೆಯುವವರು ಬೇಕು. ಅತ್ತೆ, ಎರಡು ಬಾಣಂತನಕ್ಕೂ ನೀವು ಆರಾರು ತಿಂಗಳು ಬಂದಿದ್ದಿರಿ. ಅವಳ ಓದಿಗೂ ಹಾಗೇ ಬನ್ನಿ. ಉಳಿದ ತಿಂಗಳಿಗೆ ಅವಳ ಅತ್ತೆ-ಮಾವನನ್ನು ಕೇಳೋಣ, ಫೋನ್ ನಾನೇ ಮಾಡುತ್ತೇನೆ.