ಎಲ್‌ಕೆಜಿಯಲ್ಲಿ ‘ಜಿ’ ಎಲ್ಲಿದೆ?

ಕಳೆದ ಜೂನ್‌ನಲ್ಲಿ ಹುನಗುಂದಕ್ಕೆ ಅಕ್ಕನ ಮನೆಗೆ ಹೋದಾಗ, ನಾಲ್ಕೂವರೆ ವರ್ಷದ ಅಳಿಯನ ಜೊತೆ ಸೇರಿ ಒಡೆದ ಬಕೆಟ್‌ನಲ್ಲಿ ಒಂದು ಹಿಡಿ ಹೆಸರುಕಾಳು ಬಿತ್ತಿದ್ದೆ. ಮರುದಿನ ನಾನು ಏಳುವಷ್ಟರಲ್ಲಿ ಅವನು ಅಷ್ಟೂ ಕಾಳು ಕೆದರಿ ತೆಗೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ. ‘ಯಾಕೋ ತಗದಿ?’ ಎಂದರೆ, ‘ಮಾಮಾ, ಇನ್ನೂ ಎದ್ದಿಲ್ಲ ನೋಡು, ಮಲಕೊಂಡಾವ’ ಎಂದ. ಮತ್ತೆ ಹಾಕಿದೆವು, ಮತ್ತೆ ಕೆದರಿದ. ಮೂರನೇ ದಿನ ಒಂದು ಕಾಳಿಗೆ ಬಿಳಿ ಬಾಲ ಬಂದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಓಣಿಯ ಎಲ್ಲ ಮನೆಗೂ ತೋರಿಸಿ ಬಂದ.

ಅದೇ ತಿಂಗಳು ಅಕ್ಕ ಅವನನ್ನು ಅಂಗನವಾಡಿ ಬಿಡಿಸಿ ಖಾಸಗಿ ಶಾಲೆಯ ಎಲ್‌ಕೆಜಿಗೆ ಹಾಕಿದಳು. ಅಂಗಳಕ್ಕೆಲ್ಲ ಪೇವರ್ಸ್ ಹಾಸಿದ, ಮಣ್ಣೇ ಕಾಣದ ಶಾಲೆ. ಕೆಲವು ವಾರಗಳ ನಂತರ ಗಿಡದ ಚಿತ್ರಕ್ಕೆ ಬಣ್ಣ ಹಚ್ಚುವ ಹೋಂವರ್ಕ್ ಬಂತು. ಬೇರಿಗೆ ಕಂದು ಬಣ್ಣ ಹಚ್ಚಬೇಕಂತೆ. ಇವನು ಒಪ್ಪಲಿಲ್ಲ. ಬೇರು ಬೆಳ್ಳಗೆ ಇರುತ್ತದೆ ಎಂದು ಹಟ ಹಿಡಿದು ಖಾಲಿ ಬಿಟ್ಟ. ಪುಸ್ತಕಕ್ಕೆ ಕೆಂಪು ಇಂಕಿನ ಗುರುತು ಬಿತ್ತು.

ಅಕ್ಕನನ್ನು ದೂರಲಾರೆ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ನಿಯಮದ ಸುತ್ತ ಎಷ್ಟು ಗೊಂದಲವಾಯಿತು ಎಂಬುದು ಚಿಕ್ಕ ಮಕ್ಕಳಿರುವ ಎಲ್ಲ ಮನೆಗೂ ಗೊತ್ತು. 2025–26ನೇ ಸಾಲಿಗೆ ಮಾತ್ರ ರಾಜ್ಯ ಸರ್ಕಾರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು, ಯುಕೆಜಿ ಮುಗಿಸಿರಬೇಕು ಎಂಬ ಷರತ್ತಿನ ಮೇಲೆ. ಹೀಗಾದಾಗ ಎಲ್‌ಕೆಜಿ, ಯುಕೆಜಿ ಎಂಬ ಅಕ್ಷರಗಳಿಗೆ ಪಾಲಕರ ಕಣ್ಣಲ್ಲಿ ಬೆಲೆ ಬರದೇ ಇರುತ್ತದೆಯೇ?

ಈ ಅಕ್ಷರಗಳಿಗಾಗಿ ದೊಡ್ಡ ಜಗಳವೇ ನಡೆದಿದೆ. ಇಳಕಲ್ಲಿನಿಂದ ಸ್ವಲ್ಪ ದೂರ ಹೋದರೆ ಕುಷ್ಟಗಿ ತಾಲ್ಲೂಕು, ಅಂದರೆ ಕಲ್ಯಾಣ ಕರ್ನಾಟಕ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 2024ರಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ಬೀದಿಗೆ ಇಳಿದರು. ಮೂರು ವರ್ಷ ದಾಟಿದ ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಯಾರು ಎಂಬುದು ಅವರ ಪ್ರಶ್ನೆ. ಅಂಗನವಾಡಿಗಳಲ್ಲಿಯೇ ಎಲ್‌ಕೆಜಿ ಶುರು ಮಾಡುತ್ತೇವೆ ಎಂದು ಸರ್ಕಾರ ಹೇಳಿತು. ಅವರ ಭಯ ನ್ಯಾಯವಾದದ್ದೇ. ಆದರೆ ಕಟ್ಟಡ ಯಾವುದು, ಶಿಕ್ಷಕಿ ಯಾರು, ಇಲಾಖೆ ಯಾವುದು ಎಂಬ ವಾದದ ನಡುವೆ ಮಗು ಅಲ್ಲಿ ದಿನವಿಡೀ ಏನು ಮಾಡುತ್ತದೆ ಎಂಬ ಮಾತು ಬಂದದ್ದು ಕಡಿಮೆ.

ತಮಾಷೆ ಎಂದರೆ ಆ ‘ಜಿ’ ಅಕ್ಷರದ ಅರ್ಥವೇ ತೋಟ. ಕಿಂಡರ್‌ಗಾರ್ಟನ್ ಎಂಬುದು ಜರ್ಮನ್ ಪದ, ಮಕ್ಕಳ ತೋಟ ಎಂದರ್ಥ. 1837ರಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದ ಫ್ರೆಡರಿಕ್ ಫ್ರೋಬೆಲ್, 1840ರಲ್ಲಿ ಅದಕ್ಕೆ ಈ ಹೆಸರಿಟ್ಟ. ಬರೀ ಹೋಲಿಕೆಗೆ ಇಟ್ಟ ಹೆಸರಲ್ಲ ಅದು. ಅವನ ಯೋಜನೆಯಲ್ಲಿ ಪ್ರತಿ ಮಗುವಿಗೂ ಸ್ವಂತದ್ದೊಂದು ಪುಟ್ಟ ಮಡಿ ಇತ್ತು, ಪಕ್ಕದಲ್ಲಿ ಎಲ್ಲರೂ ಸೇರಿ ನೋಡಿಕೊಳ್ಳುವ ದೊಡ್ಡ ಮಡಿ ಇತ್ತು. ನಮ್ಮ ‘ಬಾಲವಾಡಿ’ಯ ವಾಡಿಗೂ ತೋಟ ಎಂಬ ಅರ್ಥವಿದೆ. ಹೆಸರು ಎಲ್ಲ ಕಡೆ ಉಳಿದಿದೆ, ಮಣ್ಣಷ್ಟೇ ಹೋಗಿದೆ.

ಕಾಗದದ ಮೇಲೆ ನೋಡಿದರೆ ತೋಟಕ್ಕೆ ಕೊರತೆಯೇ ಇಲ್ಲ. ಶಾಲಾ ಪೌಷ್ಟಿಕ ತೋಟಗಳಿಗೆ ಕೇಂದ್ರ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅಂಗನವಾಡಿಗಳಿಗೆ ಪೋಷಣ್ 2.0 ಅಡಿ ‘ಪೋಷಣ್ ವಾಟಿಕಾ’ ಇದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಪಠ್ಯಪುಸ್ತಕವೇ ಬೇಡ, ಆಟ ಮತ್ತು ಅನುಭವ ಸಾಕು ಎಂದು 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ಕೆಪಿಎಸ್‌ಸಿಗೆ ಓದುತ್ತಿರುವ ನನ್ನ ರೂಮ್‌ಮೇಟ್‌ಗೆ ಇವೆಲ್ಲ ಬಾಯಿಪಾಠ. ಅವನ ಪಾಲಿಗೆ ಪೋಷಣ್ ವಾಟಿಕಾ ನಾಲ್ಕು ಆಯ್ಕೆಗಳ ಪ್ರಶ್ನೆ. ನಿಜವಾದದ್ದು ನೋಡಿದ್ದೀಯಾ ಎಂದು ಕೇಳಿದೆ. ‘ಫೋಟೊ ನೋಡೀನಿ’ ಎಂದ.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂಗನವಾಡಿಯ ಮುಂದಿನ ನಾಲ್ಕು ಮಡಿಯ ಮೆಂತ್ಯೆ ಇದನ್ನು ಓಡಿಸುತ್ತದೆ ಎಂದು ನಾನು ನಂಬುವುದಿಲ್ಲ. ಮೊಟ್ಟೆ, ಹಾಲು, ಬೇಳೆ, ಸರಿಯಾದ ಸಮಯಕ್ಕೆ ಬರುವ ಆಹಾರಧಾನ್ಯ, ಇವುಗಳ ಜಾಗವನ್ನು ತೋಟ ತುಂಬಲಾರದು. ತುಂಬುತ್ತದೆ ಎಂದು ಹೇಳುವುದೇ ಯೋಜನೆ ಸೋಲಲು ಒಂದು ಕಾರಣ. ಇಳುವರಿ ಲೆಕ್ಕ ಹಾಕಲು ಹೋಗಿ, ಅದು ಸಾಲದೆ, ಕೈಬಿಡುತ್ತಾರೆ. ಚಿಕ್ಕ ಮಕ್ಕಳ ತೋಟದಿಂದ ಸಿಗುವುದು ಬೇರೆಯದು. ತಾನೇ ಬಿತ್ತಿದ ಪುಂಡಿಪಲ್ಯವನ್ನು ಮುಖ ಕಿವುಚದೆ ತಿನ್ನುವ ಮಗು, ಮೂರು ದಿನ ಕಾಯಲು ಕಲಿತ ಮಗು, ಬೇರು ಬೆಳ್ಳಗಿರುತ್ತದೆ ಎಂದು ವಾದಿಸುವ ಮಗು. ಇದನ್ನು ಪೋಷಣ್ ಟ್ರ್ಯಾಕರ್‌ನಲ್ಲಿ ನಮೂದಿಸಲು ಕಾಲಂ ಇಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು. ವರ್ಷಕ್ಕೆ 600 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ನಾಡು ಇದು. ಬಾದಾಮಿ ಗುಡ್ಡದ ಸುತ್ತ ಕೆಂಪು ಮರಳುಮಣ್ಣು, ನೀರು ನಿಲ್ಲುವುದಿಲ್ಲ. ಬಾಗಲಕೋಟೆ, ಹುನಗುಂದದ ಎರೆಮಣ್ಣು ಹಸಿಯಾದರೆ ಕಾಲಿಗೆ ಅಂಟುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಮೇಲೆ ಹೆಪ್ಪುಗಟ್ಟಿದರೆ ಸಣ್ಣ ಬೀಜದ ಮೊಳಕೆ ಹೊರಬರುವುದೇ ಇಲ್ಲ. ಅರ್ಧ ಎರೆಮಣ್ಣಿಗೆ ಉಳಿದರ್ಧ ಮರಳು ಮತ್ತು ತಿಪ್ಪೆಗೊಬ್ಬರ ಸೇರಿಸಿದರೆ ಮಾತ್ರ ಮಕ್ಕಳ ಕೈಗೆ ಆಗುವ ಮಣ್ಣಾಗುತ್ತದೆ. ಬಿತ್ತುವ ಆಳ ಬೀಜದ ದಪ್ಪದ ಎರಡು ಮೂರು ಪಟ್ಟು ಇದ್ದರೆ ಸಾಕು. ಹೆಸರು, ಮಡಿಕೆ, ಅಲಸಂದಿ ಎರಡು ಮೂರು ದಿನಕ್ಕೆ ಎದ್ದು ನಿಲ್ಲುತ್ತವೆ, ಮೆಂತ್ಯೆಗೆ ಇನ್ನೊಂದು ದಿನ ಹೆಚ್ಚು. ಕೊತ್ತಂಬರಿಗೆ ವಾರ ದಾಟುತ್ತದೆ. ನಾಲ್ಕು ವರ್ಷದವರ ತಾಳ್ಮೆಗೆ ಅದು ಅತಿಯಾಯಿತು. ಕೆದರುವ ಮಕ್ಕಳಿಗೆ ಒಂದು ಉಪಾಯವಿದೆ, ನಾನು ಎರಡನೇ ಸಲ ಮಾಡಿದ್ದು ಅದನ್ನೇ: ಗಾಜಿನ ಲೋಟದೊಳಗೆ ಒದ್ದೆ ಅರಳೆ ತುಂಬಿ, ಗಾಜಿಗೆ ತಾಗುವಂತೆ ನಾಲ್ಕು ಕಾಳು ಇಟ್ಟರೆ ಬೇರು ಕೆಳಗೆ ಇಳಿಯುವುದು ಹೊರಗಿನಿಂದಲೇ ಕಾಣುತ್ತದೆ. ಮಣ್ಣಿನಲ್ಲಿರುವ ಕಾಳು ನೆಮ್ಮದಿಯಾಗಿ ಇರುತ್ತವೆ.

ಬೀಜದ ವಿಷಯದಲ್ಲಿ ಎಚ್ಚರ ಬೇಕು. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್‌ನ ಗುಲಾಬಿ, ಹಸಿರು ಬಣ್ಣದ ಬೀಜಗಳಿಗೆ ಥೀರಮ್‌ನಂತಹ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಮಕ್ಕಳ ಕಣ್ಣಿಗೆ ಅದು ಪೆಪ್ಪರಮೆಂಟಿನಂತೆ ಕಾಣುತ್ತದೆ. ಅಡುಗೆಮನೆಯ ಡಬ್ಬಿಯ ಕಾಳೇ ಅವರಿಗೆ ಸುರಕ್ಷಿತ. ಔಡಲ, ಗುಲಗಂಜಿ, ದತ್ತೂರಿ ಬೀಜ ಹತ್ತಿರವೂ ಸುಳಿಯಬಾರದು, ಮೂರೂ ವಿಷ.

ನೀರಿನ ಲೆಕ್ಕವನ್ನು ನನ್ನ ಅರ್ಧಂಬರ್ಧ ಎಂಜಿನಿಯರಿಂಗ್ ಬುದ್ಧಿಯಿಂದ ಹಾಕಿದೆ. 25 ಮಕ್ಕಳು ಊಟದ ಮೊದಲು ಮತ್ತು ನಂತರ ಅರ್ಧರ್ಧ ಲೀಟರ್‌ನಲ್ಲಿ ಕೈ ತೊಳೆದರೆ ದಿನಕ್ಕೆ 25 ಲೀಟರ್. ಒಂದು ಚದರ ಮೀಟರ್ ಮಡಿಗೆ ನಾಲ್ಕೈದು ಲೀಟರ್ ಸಾಕೆಂದರೆ ಐದು ಚದರ ಮೀಟರ್ ತೋಟ ಹೊಸ ನೀರಿಲ್ಲದೆ ನಡೆಯುತ್ತದೆ. ಸೋಪಿನ ನೀರನ್ನು ನುಗ್ಗೆ, ಕರಿಬೇವಿನ ಬುಡಕ್ಕೆ ಬಿಟ್ಟು, ಅಕ್ಕಿ–ತರಕಾರಿ ತೊಳೆದ ನೀರನ್ನು ಸೊಪ್ಪಿಗೆ ಹಾಕಿದರಾಯಿತು. ಬೇಕಾಗುವುದು ಒಂದು ಪೈಪು, ಒಂದು ಸಣ್ಣ ಕಾಲುವೆ.

ಆದರೆ ತೋಟ ಸಾಯುವುದು ಹೆಚ್ಚಾಗಿ ರಜೆಯಲ್ಲಿ. ಏಪ್ರಿಲ್, ಮೇ ಬಿಸಿಲಿಗೆ ನೀರು ಹಾಕುವವರಿಲ್ಲ. ಹಾಗಾದರೆ ಬೇಸಿಗೆಗೆ ತೋಟ ಇರಲೇಬೇಕು ಎಂದು ಹೇಳಿದವರು ಯಾರು? ನಮ್ಮ ರೈತರು ಮುಂಗಾರಿ, ಹಿಂಗಾರಿ ಎಂದು ಎರಡು ಹಂಗಾಮು ಮಾಡಿಕೊಂಡಿಲ್ಲವೇ? ಜೂನ್‌ನಲ್ಲಿ ಬಿತ್ತಿ ದಸರಾ ರಜೆಗೆ ಮೊದಲೇ ಕೊಯ್ದು, ಸೀಗಿ ಹುಣ್ಣಿಮೆ ಕಳೆದ ಮೇಲೆ ಮತ್ತೆ ಬಿತ್ತಿ ಫೆಬ್ರುವರಿಗೆ ಮುಗಿಸಿದರೆ ಸೊಪ್ಪು, ಕಾಳು, ಬೆಂಡೆಗೆ ಧಾರಾಳ ಸಮಯ. ಬೇಸಿಗೆಯಲ್ಲಿ ಮಣ್ಣು ಬೀಳು ಬಿದ್ದಿರಲಿ.

ಇದನ್ನೆಲ್ಲ ಮಾಡುವವರು ಯಾರು ಎಂಬುದು ಕಷ್ಟದ ಪ್ರಶ್ನೆ. ಅಂಗನವಾಡಿ ಕಾರ್ಯಕರ್ತೆ ಈಗಾಗಲೇ ಮೊಬೈಲ್‌ನಲ್ಲಿ ಫಲಾನುಭವಿಗಳ ಮುಖ ಗುರುತಿಸಬೇಕು, ಸಮೀಕ್ಷೆಗೆ ಹೋಗಬೇಕು, ಎಷ್ಟೋ ಕಡೆ ಮತಗಟ್ಟೆ ಅಧಿಕಾರಿಯೂ ಅವರೇ. ಅವರ ತಲೆಯ ಮೇಲೆ ತೋಟದ ರಿಜಿಸ್ಟರ್ ಒಂದನ್ನು ಹೊರಿಸಿದರೆ ಆಗುವುದು ಇನ್ನೊಂದು ಫೋಟೊ ಅಷ್ಟೇ.

ಫೋಟೊ ವಿಷಯದಲ್ಲಿ ನಾವೇನು ಕಡಿಮೆ? ವಿಟಿಯು ಪಠ್ಯಕ್ರಮದಲ್ಲಿ ‘ಸೋಷಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ’ ಎಂಬ ವಿಷಯವಿದೆ, ಒಂದು ಗಿಡ ನೆಟ್ಟು ದತ್ತು ಪಡೆಯುವುದೂ ಅದರಲ್ಲಿ ಸೇರಿದೆ. ನಾನೂ ಮೂರನೇ ಸೆಮಿಸ್ಟರ್‌ನಲ್ಲಿ ಬೇವಿನ ಸಸಿ ನೆಟ್ಟು, ನಗುತ್ತ ನಿಂತು, ರಿಪೋರ್ಟ್ ಬೈಂಡ್ ಮಾಡಿಸಿ ಅಂಕ ಪಡೆದೆ. ಆ ಸಸಿ ಈಗ ಇದೆಯೋ ಇಲ್ಲವೋ ನೋಡಲು ಹೋಗಿಲ್ಲ. ಅದೇ ಗಂಟೆಗಳನ್ನು ಹತ್ತಿರದ ಒಂದು ಅಂಗನವಾಡಿಗೆ ಕೊಟ್ಟು, ಸಿವಿಲ್‌ನವರು ಕಾಲುವೆ ತೆಗೆದು, ಉಳಿದವರು ಸರದಿಯ ಮೇಲೆ ಮಡಿ ನೋಡಿಕೊಂಡಿದ್ದರೆ ಆಗುತ್ತಿರಲಿಲ್ಲವೇ? 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ಬೀಜ, ಮಣ್ಣು ತಿಳಿದ ನಮ್ಮ ವಯಸ್ಸಿನವರು ಅಲ್ಲಿ ಓದುತ್ತಿದ್ದಾರೆ. ಆದರೆ ನಾವು ಅಲ್ಲಿಗೆ ಹೋಗುವುದು ಮೇಳ ನಡೆದಾಗ, ಹೂವಿನ ಮುಂದೆ ಸೆಲ್ಫಿಗೆ.

ಪುಷ್ಯ ಮಾಸದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಗೆ ಮುನ್ನ ಪಲ್ಯದ ಹಬ್ಬ ಬರುತ್ತದೆ. ಬರಗಾಲದಲ್ಲಿ ಸೊಪ್ಪು–ತರಕಾರಿ ಕೊಟ್ಟು ಜನರನ್ನು ಕಾಯ್ದ ಶಾಕಂಬರಿಗೆ 108 ಬಗೆಯ ಪಲ್ಯದ ನೈವೇದ್ಯ. ಈ ಸಲ ಅಕ್ಕ ಮನೆಯಲ್ಲಿ ಆದಷ್ಟು ಬಗೆ ಮಾಡಲು ಹೊರಟಾಗ ಒಂದನ್ನು ತನ್ನ ಬಕೆಟ್‌ನಿಂದಲೇ ಕಿತ್ತು ತರಬೇಕೆಂದು ಅಳಿಯ ಕೂತುಬಿಟ್ಟ. ಅಂದು ಬಕೆಟ್‌ನಲ್ಲಿ ಇದ್ದದ್ದು ಎಂಟು ಎಳೆ ಮೆಂತ್ಯೆ. ಅಷ್ಟನ್ನೂ ಬೇರಿನ ಸಮೇತ ಕಿತ್ತು ತಂದ. ಬೇರು ಕತ್ತರಿಸಲು ಆಯಿ ಈಳಿಗೆ ಎತ್ತಿಕೊಂಡಾಗ ‘ತಡಿ’ ಎಂದು ಒಳಗೆ ಓಡಿ, ಕೆಂಪು ಗುರುತು ಬಿದ್ದ ಆ ಪುಸ್ತಕ ತಂದು ಪಕ್ಕದಲ್ಲಿ ತೆರೆದಿಟ್ಟ.