ಗಾಳಿಗೂ ಒಂದು ಲೆಕ್ಕ ಬೇಡವೇ?

ಮಳೆಯ ಲೆಕ್ಕ ಇಡುವುದರಲ್ಲಿ ನಮ್ಮನ್ನು ಮೀರಿಸುವವರು ಅಪರೂಪ. ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟು ಬಿತ್ತೋ, ಎಂಬತ್ತೇ ಸೆಂಟಿಗೆ ನಿಂತಿತೋ ಎಂಬುದನ್ನು ಅಜ್ಜನ ಕಾಲದ ಡೈರಿ ತೆರೆದು ಹೇಳಬಲ್ಲ ಮನೆಗಳು ನಮ್ಮಲ್ಲಿ ಈಗಲೂ ಇವೆ. ಆದರೆ ಅದೇ ಡೈರಿಯಲ್ಲಿ ಗಾಳಿಯ ಬಗ್ಗೆ ಏನಿದೆ ಎಂದು ನೋಡಿ. 'ಭಾರೀ ಗಾಳಿ', 'ವಿಪರೀತ ಗಾಳಿ', ಹೆಚ್ಚೆಂದರೆ 'ಹಿಂದೆಂದೂ ಕಾಣದ ಗಾಳಿ'. ಈ ಹಿಂದೆಂದೂ ಕಾಣದ ಗಾಳಿ ಮೂರು ವರ್ಷಕ್ಕೊಮ್ಮೆಯಾದರೂ ಬೀಸುವುದುಂಟು!

ಇದರಿಂದ ನಷ್ಟ ನಮಗೇ. ಅಡಿಕೆ ಮತ್ತು ಕಾಳುಮೆಣಸಿಗೆ ಇರುವ, 2016ರಿಂದ ಪುನರ್ರಚಿತವಾದ ಹವಾಮಾನ ಆಧಾರಿತ ಬೆಳೆ ವಿಮೆ ನಿಂತಿರುವುದು ಮುಖ್ಯವಾಗಿ ಮಳೆಯ ಅಂಕಿಯ ಮೇಲೆ. ಮಳೆಗೆ ಅಂಕಿ ಇದೆ, ಆದುದರಿಂದ ಮಾತನಾಡಲು ದಾರಿ ಇದೆ. ಸರಕಾರದ ವಿಪತ್ತು ಪರಿಹಾರದ ಪಟ್ಟಿಯನ್ನು ತೆಗೆದುಕೊಂಡರೂ ಅಷ್ಟೇ. ಕೇಂದ್ರದ ಪಟ್ಟಿಯಲ್ಲಿ ಚಂಡಮಾರುತ ಇದೆ, ಪ್ರವಾಹ ಇದೆ, ಆಲಿಕಲ್ಲು ಮಳೆ ಇದೆ, ಭೂಕುಸಿತ ಇದೆ. ಜುಲೈ ತಿಂಗಳಲ್ಲಿ ಘಟ್ಟದ ನೆತ್ತಿಯ ಮೇಲಿಂದ ಬಂದು ಇನ್ನೂರು ಅಡಿಕೆ ಮರ ಮುರಿದು ಹೋಗುವ ಗಾಳಿಗೆ ಅಲ್ಲಿ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ಹೆಸರು ಕೊಡಿಸಬೇಕಾದರೆ ಅದು ಎಷ್ಟು ಬಲದ್ದು, ಎಷ್ಟು ಸಲ ಬಂದದ್ದು ಎಂದು ತೋರಿಸಬೇಕಾದವರು ನಾವೇ ಅಲ್ಲವೇ?

'ಗಾಳಿ ಅಳೆಯಲು ಯಂತ್ರ ಬೇಕು, ಅದು ನಮ್ಮಿಂದಾಗುವ ಕೆಲಸವಲ್ಲ' ಎನ್ನುವವರಿದ್ದಾರೆ. ಇದನ್ನು ನಾವು ಒಪ್ಪುವುದಿಲ್ಲ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ ಎಂಬ ಅಧಿಕಾರಿ 1805-06ರ ಹೊತ್ತಿಗೆ ಗಾಳಿಗೆ ಸೊನ್ನೆಯಿಂದ ಹನ್ನೆರಡರವರೆಗೆ ದರ್ಜೆ ಕೊಟ್ಟಾಗ ಅವನ ಕೈಯಲ್ಲಿ ಯಂತ್ರವಿರಲಿಲ್ಲ. ಈ ಗಾಳಿಯಲ್ಲಿ ಹಡಗು ಎಷ್ಟು ಹಾಯಿ ಬಿಚ್ಚಿ ಓಡಬಹುದು, ಯಾವಾಗ ಹಾಯಿ ಸುತ್ತಿಡಬೇಕು ಎಂಬುದೇ ಅವನ ಅಳತೆಗೋಲು. ಹೊಗೆ, ಎಲೆ, ಕೊಂಬೆಗಳನ್ನು ನೋಡಿ ನೆಲದ ಮೇಲೂ ಅದನ್ನು ಬಳಸುವ ವಿವರಣೆ 1906ರಲ್ಲಿ ಬಂತು. ನಾವಿಕನಿಗೆ ಹಾಯಿ ಹೇಗೋ ನಮಗೆ ಅಡಿಕೆ ಮರವೂ ಸಿಲ್ವರ್ ಓಕೂ ಹಾಗೆಯೇ.

ಆ ದರ್ಜೆಗಳನ್ನು ತೋಟದ ಮಾತಿಗೆ ತಂದು ನೋಡೋಣ. ಒಲೆಯ ಹೊಗೆ ನೆಟ್ಟಗೆ ಏರಿದರೆ ಸೊನ್ನೆ. ಮುಖಕ್ಕೆ ಗಾಳಿ ತಿಳಿದು ಎಲೆ ಮರ್ಮರ ಅಂದರೆ ಎರಡು. ಎಲೆ ಮತ್ತು ಸಣ್ಣ ಕಡ್ಡಿಗಳು ಬಿಡದೆ ಅಲುಗುತ್ತಿದ್ದರೆ ಮೂರು. ಗಂಟೆಗೆ 12ರಿಂದ 19 ಕಿ.ಮೀ. ಕಣದ ಧೂಳು, ತರಗೆಲೆ ಎದ್ದರೆ ನಾಲ್ಕು. ಬೋರ್ಡೋ ಹೊಡೆಯಲು ಮರ ಹತ್ತಿಸುವ ಕೆಲಸ ಇಲ್ಲಿಗೆ ಬರುವ ಮೊದಲೇ ನಿಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ. ಮದ್ದು ಗೊನೆಗೆ ತಾಗುವುದಿಲ್ಲ, ಮೇಲಿರುವವನ ಜೀವಕ್ಕೂ ಒಳ್ಳೆಯದಲ್ಲ. ದೊಡ್ಡ ಕೊಂಬೆಗಳು ಅಲುಗಿ, ವಿದ್ಯುತ್ ತಂತಿ ಸಿಳ್ಳೆ ಹಾಕಿ, ಕೊಡೆ ಹಿಡಿಯುವುದು ಕಷ್ಟವಾದರೆ ಆರು. ಅಂದರೆ 39ರಿಂದ 49. ಇಡೀ ಮರವೇ ತೂಗಾಡಿ ಗಾಳಿಗೆದುರು ನಡೆಯುವುದು ತ್ರಾಸವಾದರೆ ಏಳು. ಮರದ ಹಸಿ ರೆಂಬೆಗಳು ಮುರಿದು ಬೀಳತೊಡಗಿದರೆ ಎಂಟು, 62 ಕಿ.ಮೀ.ಗೆ ಅದು ಶುರು. ಮಾಡಿನ ಹೆಂಚು ಹಾರಿದರೆ ಒಂಬತ್ತು. ಮರಗಳು ಬುಡಸಹಿತ ಏಳತೊಡಗಿದರೆ ಹತ್ತು. ಗಂಟೆಗೆ 89ರ ಮೇಲೆ. ಹನ್ನೆರಡು ಅಂದರೆ 118 ಮತ್ತು ಅದಕ್ಕೂ ಹೆಚ್ಚು. ಅದರ ವರ್ಣನೆ ಬೇಡ.

ಹವಾಮಾನ ಇಲಾಖೆ ಚಂಡಮಾರುತ ಎಂದು ಕರೆಯುವುದೂ ಸುಮಾರಾಗಿ ಈ ಎಂಟನೇ ದರ್ಜೆಯಿಂದಲೇ. 118 ಮುಟ್ಟಿದರೆ 'ಅತಿ ತೀವ್ರ'. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಆಚೆ ಕಡಲಲ್ಲಿ ಹಾದು 17ರಂದು ಗುಜರಾತನ್ನು ಹೊಕ್ಕಾಗ ಆಡಿದ ಮಾತುಗಳೆಲ್ಲ ಈ ಲೆಕ್ಕದವೇ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಬಿದ್ದ ಮರವನ್ನು ಎಣಿಸಿ ಗಾಳಿಯನ್ನು ಅಳೆಯಲಾಗದು. ಆರು ವಾರ ಮಳೆ ಕುಡಿದ ಮಣ್ಣಿನಲ್ಲಿ ಸಿಲ್ವರ್ ಓಕ್ ಏಳನೇ ದರ್ಜೆಗೇ ಮಗುಚಿ ಕೆಳಗಿನ ಹತ್ತು ಕಾಫಿ ಗಿಡಗಳನ್ನು ಹಾಸಿಬಿಡುತ್ತದೆ. ಅಡಿಕೆಯದು ಇನ್ನೊಂದು ಕಥೆ. ಪಡುವಣ-ತೆಂಕಣ ಬಿಸಿಲಿಗೆ ಕಾಂಡ ಸುಟ್ಟು ಸೀಳಿದ ಮರ ಆ ಸೀಳಿನಲ್ಲಿಯೇ ಮುರಿಯುತ್ತದೆ. ಅಂಥ ಮರದ ಸಾವಿಗೆ ಬಿಸಿಲಿನ ಪಾಲೂ ಇದೆ. ಎಳೆಯದರಲ್ಲೇ ಸೋಗೆ ಕಟ್ಟಿ ನೆರಳು ಮಾಡದವರ ಪಾಲೂ ಇದೆ. ಆದುದರಿಂದ ಗಾಳಿ ಬೀಸುವಾಗಲೇ ನೋಡಿ ಬರೆಯಬೇಕು, ಮರುದಿನ ತೋಟ ಸುತ್ತಿ ಬಂದು ಅಲ್ಲ. ದರ್ಜೆಯ ಕಿಲೋಮೀಟರುಗಳು ಹತ್ತು ನಿಮಿಷದ ಸರಾಸರಿಯವು. ನಡುವೆ ಬಂದು ಬಡಿಯುವ ಹೊಡೆತ ಅದಕ್ಕಿಂತ ಬಲವಾಗಿರುತ್ತದೆ. ಅದನ್ನು ಬೇರೆಯಾಗಿ ಬರೆದುಕೊಳ್ಳುವುದು ಒಳ್ಳೆಯದು. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ ಎಂಬುದನ್ನೂ ನೆನಪಿಡಬೇಕು. 40 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 8 ಕಿಲೋ ಭಾರ ಹೇರಿದರೆ 80ರ ಗಾಳಿ 31 ಕಿಲೋ ಹೇರುತ್ತದೆ.

ಪತ್ರಿಕೆಗಳವರು ಎಲ್ಲವನ್ನೂ ಸುಂಟರಗಾಳಿ ಮಾಡಿಬಿಡುತ್ತಾರೆ. ನಾವು ಹಾಗೆ ಮಾಡುವುದು ಬೇಡ. ಏಪ್ರಿಲ್-ಮೇ ತಿಂಗಳ ಗುಡುಗಿನ ಮೋಡದಿಂದ ತಣ್ಣನೆಯ ಗಾಳಿ ಒಮ್ಮೆಗೇ ಕೆಳಗೆ ಸುರಿದು ನೆಲಕ್ಕೆ ಬಡಿದು ಹರಡುತ್ತದೆ. ಆಗ ಮರಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ಇಲ್ಲವೇ ಬೀಸಣಿಗೆಯಂತೆ ಬಿಡಿಸಿಕೊಂಡು ಮಲಗಿರುತ್ತವೆ. ನಿಜವಾದ ಸುಂಟರಗಾಳಿಯಾದರೆ ಕಿರಿದಾದ ಪಟ್ಟಿಯಲ್ಲಿ ಅಡ್ಡಾದಿಡ್ಡಿ, ಒಂದರ ಮೇಲೊಂದು. ಮರ ಕಡಿದು ಸಾಗಿಸುವ ಮೊದಲು ತಲೆ ಯಾವ ದಿಕ್ಕಿಗಿದೆ ಎಂದು ಬರೆದುಕೊಂಡರೆ ತನಿಖೆಗೆ ಬಂದವರೊಡನೆ ವಾದಿಸಲು ಆಧಾರವಿರುತ್ತದೆ.

ಯಂತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಬಟ್ಟಲುಗಳು ತಿರುಗುವ ಗಾಳಿಮಾಪಕ 1846ರಷ್ಟು ಹಳೆಯದು. ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳಲ್ಲಿ ಅದು ಇದೆ. ಆದರೆ ಗುಡ್ಡ-ಕಣಿವೆಯ ನಾಡಿನಲ್ಲಿ ಹೋಬಳಿಯ ಗಾಳಿಯೇ ಬೇರೆ, ನಮ್ಮ ಗುಡ್ಡದ ಗಾಳಿಯೇ ಬೇರೆ. ಬಯಲಿನಲ್ಲಿ, ಹತ್ತು ಮೀಟರ್ ಎತ್ತರದಲ್ಲಿ ಇಡಬೇಕಾದ ಮಾಪಕವನ್ನು ಕಟ್ಟಡದ ಮರೆಯಲ್ಲೋ ಮರದ ಬಗಲಲ್ಲೋ ಇಟ್ಟರೆ ಅದು ಹೇಳುವುದು ಮರೆಯ ಗಾಳಿಯನ್ನು. ಕೇಂದ್ರದ ಅಂಕಿ ಮತ್ತು ಸುತ್ತಲಿನ ಇಪ್ಪತ್ತು ತೋಟಗಳ ಡೈರಿ, ಎರಡೂ ಒಟ್ಟಿಗೆ ಇದ್ದರೆ ಮಾತ್ರ ನಮ್ಮ ಮಾತಿಗೆ ತೂಕ.

ಜೂನ್ ಮೊದಲ ದಿನದಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿದಿನ ಎರಡು ಹೊತ್ತು, ಮಳೆ ಅಳೆಯುವ ಹೊತ್ತಿಗೇ, ದರ್ಜೆ, ದಿಕ್ಕು, ಎಷ್ಟು ಹೊತ್ತು ಬೀಸಿತು ಎಂಬ ಮೂರು ಸಂಗತಿಗಳನ್ನು ಮಳೆಯ ಅಂಕಿಯ ಪಕ್ಕದಲ್ಲೇ ಬರೆಯಬೇಕೆಂದು ಸದಸ್ಯರನ್ನು ಕೇಳಿಕೊಳ್ಳುತ್ತೇವೆ. ನಡುವೆ ಬಿರುಗಾಳಿ ಎದ್ದರೆ ಅದರ ಗಳಿಗೆಯನ್ನೂ ಸೇರಿಸಿ. ತಿಂಗಳ ಕೊನೆಗೆ ಅದರ ಒಂದು ಪ್ರತಿ ಸಂಘಕ್ಕೆ ಬರಲಿ. ಮಹಾಸಭೆಯಲ್ಲಿ ವಿಮೆಯ ಷರತ್ತಿಗೆ ಗಾಳಿಯನ್ನೂ ಸೇರಿಸಿ ಎಂಬ ಠರಾವು ಮಂಡಿಸುವಾಗ ಆ ಹಾಳೆಗಳು ಮೇಜಿನ ಮೇಲಿರಬೇಕು.