ನೇಯ್ದವಳ ಹೆಸರೇನು?

ಇರಾನಿನ ಬುಡಕಟ್ಟುಗಳ ಪುಟ್ಟ ನೆಲಹಾಸು, ಚೀಲಗಳನ್ನು ಮಾರುವವರ ವರ್ಣನೆಗಳಲ್ಲಿ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ: ‘ಅಪ್ಪಟ’. ಅಪ್ಪಟ ಕಶ್‌ಕಾಯಿ, ಅಪ್ಪಟ ಬಲೂಚ್, ಅಪ್ಪಟ ಲೂರಿ. ಗಂಟು ಯಾವ ಬಗೆಯದು, ಉಣ್ಣೆ ಎಂಥದು, ಕೆಂಪು ಬಂದದ್ದು ಮಂಜಿಷ್ಠದ ಬೇರಿನಿಂದಲೋ ರಾಸಾಯನಿಕದಿಂದಲೋ, ಎಲ್ಲವನ್ನೂ ಹೇಳುತ್ತಾರೆ. ನೇಯ್ದವಳ ಹೆಸರು ಮಾತ್ರ ಇರುವುದಿಲ್ಲ. ಅದನ್ನು ಕೊರತೆ ಎಂದು ಯಾರೂ ಎಣಿಸುವುದೂ ಇಲ್ಲ. ಅನಾಮಧೇಯತೆಯನ್ನೇ ಸರಕಿನ ಸೊಗಸೆಂದು ಮಾರುತ್ತಾರೆ. ನನ್ನ ತಕರಾರು ಇಲ್ಲಿದೆ.

ಹೆಸರು ಹಾಕುವ ರೂಢಿ ಪರ್ಷಿಯಾಕ್ಕೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಅರ್ದಬಿಲ್ ರತ್ನಗಂಬಳಿಯಲ್ಲಿ ಹಿಜರಿ 946 (ಕ್ರಿ.ಶ. 1539–40) ಎಂಬ ವರ್ಷದ ಜೊತೆ ಮಕ್ಸೂದ್ ಕಾಶಾನಿ ಎಂಬ ಹೆಸರನ್ನು ನೇಯಲಾಗಿದೆ. ಹತ್ತೂವರೆ ಮೀಟರ್ ಉದ್ದದ ಆ ಹಾಸಿನ ಗಂಟುಗಳನ್ನೆಲ್ಲ ಅವನೊಬ್ಬನೇ ಕಟ್ಟಿರಲಾರ. ಆದರೂ ಹೆಸರು ಉಳಿಯಿತು. ದೊಡ್ಡವರ ಆಶ್ರಯದಲ್ಲಿ ಆದದ್ದಕ್ಕೆ ಕರ್ತೃ ಇರುತ್ತಾನೆ, ಗುಡಾರದಲ್ಲಿ ಆದದ್ದಕ್ಕೆ ಕುಲದ ಹೆಸರು ಸಾಕು!

‘ಜನಪದ ಕಲೆಗೆ ಕರ್ತೃವಿಲ್ಲ, ಅದು ಸಮುದಾಯದ ಸೃಷ್ಟಿ’ ಎಂಬ ಉತ್ತರ ಸಿದ್ಧವಾಗಿದೆ. ನಮ್ಮ ಜಾನಪದ ತರಗತಿಗಳೂ ಇದನ್ನು ಗಿಳಿಪಾಠ ಮಾಡಿಸುತ್ತವೆ. ವಿನ್ಯಾಸಗಳು ಸಮುದಾಯದವು, ಒಪ್ಪೋಣ. ರಾಗವೂ ಎಲ್ಲರದೇ. ಹಾಗೆಂದು ಕಛೇರಿಯಲ್ಲಿ ಹಾಡಿದವರು ಯಾರೆಂದು ಕೇಳದೆ ಇರುತ್ತೇವೆಯೇ? ಎಲ್ಲಿ ಬಣ್ಣ ಬದಲಿಸಬೇಕು, ಅಂಚಿಗೆ ಬಂದಾಗ ಹೂವನ್ನು ಎಲ್ಲಿ ಮುರಿಯಬೇಕು ಎಂದು ಮಗ್ಗದ ಮುಂದೆ ಕೂತು ತೀರ್ಮಾನಿಸುವವಳು ಒಬ್ಬ ಹೆಂಗಸು. ‘ಸಮುದಾಯ’ಕ್ಕೆ ಬೆರಳುಗಳಿಲ್ಲ.

ಇನ್ನು ‘ಕಾಲಾತೀತ’ ಎಂಬ ಹೊಗಳಿಕೆ. ಫಾರ್ಸ್ ಪ್ರಾಂತ್ಯದ ಗಬ್ಬೆಯನ್ನೇ ನೋಡಿ. ಮನೆಮಂದಿ ಹಾಸಿ ಮಲಗಲೆಂದು ನೇಯುತ್ತಿದ್ದ ದಪ್ಪ ಹಾಸು ಅದು. 1980ರ ದಶಕದಲ್ಲಿ ವಿದೇಶಿ ಬೇಡಿಕೆಗಾಗಿ ಶಿರಾಜ್‌ನ ವ್ಯಾಪಾರಿಗಳು ಅದನ್ನು ಕೈನೂಲು, ಗಿಡದ ಬಣ್ಣಗಳಲ್ಲಿ ಹೊಸದಾಗಿ ನೇಯಿಸತೊಡಗಿದರು. ಇಂದು ಮುಗ್ಧ, ಪುರಾತನ ಎಂದು ನಾವು ಮೆಚ್ಚುವ ಗಬ್ಬೆಯ ಚೆಲುವಿನಲ್ಲಿ ಮಾರುಕಟ್ಟೆಯ ಪಾಲೂ ಇದೆ. ಮೊಹ್ಸೆನ್ ಮಖ್ಮಲ್‌ಬಾಫ್ 1996ರಲ್ಲಿ ತೆಗೆದ ‘ಗಬ್ಬೆ’ ಚಿತ್ರ ನನಗೆ ಇಷ್ಟವೇ. ಆದರೆ ಅದರಲ್ಲಿ ಹಾಸಿನೊಳಗಿಂದ ಎದ್ದುಬರುವ ಹುಡುಗಿಯ ಹೆಸರೂ ಗಬ್ಬೆ! ನೇಯುವವಳಿಗೆ ನೇಯ್ದ ವಸ್ತುವಿನ ಹೆಸರನ್ನೇ ಇಟ್ಟರೆ ಅವಳ ಸ್ವಂತದ್ದೆನ್ನಲು ಏನು ಉಳಿಯಿತು?

ಕಾಲ ಅವಳನ್ನು ಎಂದೂ ಬಿಟ್ಟಿಲ್ಲ. 1930ರ ದಶಕದಲ್ಲಿ ರೆಜಾ ಶಾ ಅಲೆಮಾರಿಗಳನ್ನು ಬಲವಂತವಾಗಿ ನೆಲೆ ನಿಲ್ಲಿಸಿದ. ಅಮೆರಿಕ ಇರಾನಿ ರತ್ನಗಂಬಳಿಗಳಿಗೆ 2000ದಲ್ಲಿ ಬಾಗಿಲು ತೆರೆದು, 2010ರಲ್ಲಿ ಮುಚ್ಚಿ, 2016ರಲ್ಲಿ ಮತ್ತೆ ತೆರೆದು, 2018ರಲ್ಲಿ ಮತ್ತೆ ಮುಚ್ಚಿತು. ವಾಷಿಂಗ್ಟನ್ನಿನ ಸಹಿ ಗುಡಾರದ ಮಗ್ಗದವರೆಗೂ ತಲುಪುವಾಗ ‘ಕಾಲಾತೀತ’ ಎನ್ನುವುದು ಅಜ್ಞಾನ, ಇಲ್ಲವೇ ಜಾಣತನ.

ಹೇಸರಗತ್ತೆ, ಕತ್ತೆಗಳ ಬೆನ್ನ ಮೇಲೆ ಇಳಿಬಿಡುವ ಖೋರ್ಜೀನ್ ಎಂಬ ಜೋಳಿಗೆಯ ಹಿಂಬದಿಯನ್ನು ಕತ್ತರಿಸಿ ತೆಗೆದು, ಅಲಂಕಾರದ ಮುಂಬದಿಯನ್ನಷ್ಟೇ ಪುಟ್ಟ ನೆಲಹಾಸೆಂದು ಮಾರುವುದುಂಟು. ಈ ವ್ಯಾಪಾರದ ಭಾಷೆಯೂ ಇದನ್ನೇ ಮಾಡುತ್ತದೆ. ಚಂದವನ್ನು ಇಟ್ಟುಕೊಂಡು, ಹೊರೆ ಹೊತ್ತ ಬದುಕನ್ನು ಕತ್ತರಿಸುತ್ತದೆ.

‘ಹಾಗಾದರೆ ಕೊಳ್ಳುವುದೇ ಬೇಡವೇ? ಅವಳ ಹೊಟ್ಟೆಪಾಡು?’ ಎಂದು ಕೇಳಬಹುದು. ಕೊಳ್ಳಿ, ಧಾರಾಳವಾಗಿ ಕೊಳ್ಳಿ. ಆದರೆ ಗಂಟು ಎಣಿಸುವ ಮೊದಲು ಎರಡು ಪ್ರಶ್ನೆ ಕೇಳಿ: ನೇಯ್ದವರು ಯಾರು? ಅವರ ಕೈಗೆ ಎಷ್ಟು ಸೇರಿತು? ಹೊಸ ಹಾಸಿಗೆ ಉತ್ತರ ಕೊಡಲಾಗದ ವ್ಯಾಪಾರಿಗೆ ಯಾವ ನೆಪವೂ ಇಲ್ಲ. ನೂರು ವರ್ಷ ಹಳೆಯದಾದರೆ ಹೆಸರು ಸಿಗಲಿಕ್ಕಿಲ್ಲ, ಸರಿ. ಆಗ ‘ಬುಡಕಟ್ಟು ಕಲೆ’ ಎಂದು ಬರೆದು ಕೈತೊಳೆದುಕೊಳ್ಳದೆ, ‘ನೇಯ್ದವಳ ಹೆಸರನ್ನು ಯಾರೂ ಬರೆದಿಡಲಿಲ್ಲ’ ಎಂದು ಬರೆಯಲಿ. ತಪ್ಪು ಯಾರದೆಂದು ಆಗಲಾದರೂ ಚೀಟಿಯ ಮೇಲೆ ಕಾಣುತ್ತದೆ.